‘ಬಿಳಿಯಾನೆ’ ಎಂಬ ನುಡಿಯ ಅರ್ಥವಿಚಾರ

ಇಂಗ್ಲೀಷ್ ಭಾಷೆಯ ಸಂಸರ್ಗದಿಂದ ಕನ್ನಡಕ್ಕೆ ಬಂದಿರುವ ನುಡಿಗಳನ್ನು ಎರಡು ವರ್ಗವಾಗಿ ವಿಂಗಡಿಸಬಹುದು. ರೈಲು, ಕೋರ್ಟು, ಬ್ಯಾಂಕು ಮೊದಲಾದುವು ತಮ್ಮ ಶಬ್ದರೂಪವನ್ನು ಹೆಚ್ಚಾಗಿ ಮಾರ್ಪಡಿಸಿಕೊಳ್ಳದೆ ಬಂದುವು. ಇವು ಪರಭಾಷೆಯವೆಂಬುದನ್ನು ಯಾರಾದರೂ ಬಲ್ಲರು. ಮತ್ತೆ ಕೆಲವು ನುಡಿಗಳು ಶಬ್ದವನ್ನು ಅಲ್ಲಿಯೇ ಬಿಟ್ಟು, ಅರ್ಥವನ್ನು ಮಾತ್ರ ಹೊತ್ತು, ಅಚ್ಚಗನ್ನಡದ ವೇಷದಲ್ಲಿ ಒಳಹೊಕ್ಕುವು. ಇವನ್ನು ಗುರುತಿಸುವುದು ಪಂಡಿತರಿಗೂ ಸುಲಭವಲ್ಲ. ಈ ಎರಡನೆಯ ವರ್ಗಕ್ಕೆ ಸೇರಿದ ‘ಬಿಳಿಯಾನೆ’ ಎಂಬ ನುಡಿಯನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇನೆ.

ಈ ವಿಚಾರಕ್ಕೆ ನಿಮಿತ್ತವಾದುದು ಒಂದು ಸಣ್ಣ ಸಂಗತಿ. ಪಂಪನ ಆದಿಪುರಾಣದಲ್ಲಿ ಮರುದೇವಿಯು ಕಾಣುವ ಹದಿನಾರು ಸ್ವಪ್ನಗಳ ಪಾಠ ನಡೆಯುತ್ತಿದ್ದಾಗ, ಹೆಗ್ಗಡದೇವನಕೋಟೆಯ ಕಡೆಯ ವಿದ್ಯಾರ್ಥಿಯೊಬ್ಬನು ಎದ್ದುನಿಂತು, “ಗುರುಗಳೆ, ಬಿಳಿಯಾನೆಯೆಂದರೆ ಮನೆಯನ್ನು ಮುಳುಗಿಸುವ ವೆಚ್ಚವಲ್ಲವೆ? ಅದನ್ನು ಕನಸಿನಲ್ಲಿ ಕಂಡರೆ ಶುಭವೆಂದು ಹೇಗಾಯಿತು?” ಎಂದು ಕೇಳಿದನು. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಹುಡುಗನು ತಪ್ಪನ್ನೇನೂ ಆಡಿರಲಿಲ್ಲ. ತಾನು ನಿತ್ಯವೂ ಓದುವ ಪತ್ರಿಕೆಯ ಕನ್ನಡವನ್ನೇ ಆಡಿದ್ದನು. ಆದಾಯವಿಲ್ಲದೆ ವೆಚ್ಚವನ್ನು ಮಾತ್ರ ತರುವ ಸಂಸ್ಥೆ, ಉಪಯೋಗಕ್ಕೆ ಬಾರದ ದೊಡ್ಡ ಕಟ್ಟಡ, ಬಾಗಿಲು ಮುಚ್ಚಿಯೂ ಸಂಬಳ ಕೊಡಬೇಕಾದ ಕಾರ್ಖಾನೆ, ಇವೆಲ್ಲ ಈಗಿನ ಬರಹದಲ್ಲಿ ‘ಬಿಳಿಯಾನೆ’ಗಳು, ಇವನ್ನು ನಡೆಸುವುದು ‘ಬಿಳಿಯಾನೆಯನ್ನು ಸಾಕುವುದು’. ಸಾವಿರ ವರ್ಷಗಳ ಹಿಂದೆ ಜಿನಜನ್ಮವನ್ನು ಸೂಚಿಸಿದ ವಸ್ತುವು ಇಂದು ದಂಡದ ವೆಚ್ಚವನ್ನು ಸೂಚಿಸಬೇಕಾದರೆ ನಡುವೆ ಏನೋ ನಡೆದಿರಬೇಕು. ಅದೇನೆಂಬುದನ್ನು ನೋಡೋಣ.

1

ಈ ನುಡಿಯು ಇಂಗ್ಲೀಷಿನ ‘ವೈಟ್ ಎಲಿಫೆಂಟ್’ ಎಂಬುದರ ಅಕ್ಷರಾನುವಾದ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ವೇಳೆಗೆ ಆ ಭಾಷೆಯಲ್ಲಿ ಇದು ನಿರುಪಯುಕ್ತವೂ ಬಹುವ್ಯಯಕರವೂ ಆದ ಸ್ವತ್ತು ಎಂಬ ಅರ್ಥದಲ್ಲಿ ಬಳಕೆಗೆ ಬಂದಿತ್ತು. ಇದಕ್ಕೆ ಆಧಾರವಾಗಿ ಆಂಗ್ಲೇಯರು ಒಂದು ಕಥೆಯನ್ನು ಹೇಳುತ್ತಾರೆ. ಸಯಾಮಿನ ಅರಸನಿಗೆ ಯಾವನಾದರೂ ಆಸ್ಥಾನಿಕನ ಮೇಲೆ ಮುನಿಸಾದರೆ ಅವನಿಗೆ ಒಂದು ಬಿಳಿಯ ಆನೆಯನ್ನು ಬಹುಮಾನವಾಗಿ ಕೊಡುತ್ತಿದ್ದನಂತೆ. ಆನೆಯು ಪವಿತ್ರವಾದುದರಿಂದ ದುಡಿಸುವಂತಿಲ್ಲ, ರಾಜದತ್ತವಾದುದರಿಂದ ಮಾರುವಂತಿಲ್ಲ, ಕೊಲ್ಲುವ ಮಾತಂತೂ ಇಲ್ಲ. ಅದನ್ನು ಮೇಯಿಸಿ ಮೇಯಿಸಿ ಆಸ್ಥಾನಿಕನು ನಿರ್ಗತಿಕನಾಗುತ್ತಿದ್ದನಂತೆ.

ಕಥೆ ಚಮತ್ಕಾರವಾಗಿದೆ, ಆದರೆ ಇತಿಹಾಸಕ್ಕೆ ಒಪ್ಪುವುದಿಲ್ಲ. ಸಯಾಮ್ ದೇಶದಲ್ಲಿ ಶ್ವೇತಗಜವು ರಾಜಸ್ವತ್ತು. ಕಾಡಿನಲ್ಲಿ ಅಂಥದೊಂದು ದೊರೆತರೆ ಅದನ್ನು ಅರಸನಿಗೆ ಒಪ್ಪಿಸುವುದೇ ಅಲ್ಲಿಯ ಸಂಪ್ರದಾಯ. ಅರಸನು ಅದನ್ನು ಕೈಬಿಟ್ಟು ಪ್ರಜೆಗೆ ಕೊಡುವುದೆಂದರೆ ತನ್ನ ರಾಜಲಕ್ಷಣವನ್ನೇ ಕಳೆದುಕೊಂಡಂತೆ. 1563ರಲ್ಲಿ ಬರ್ಮದ ಅರಸನಾದ ಬಯಿನ್ನೌಂಗನು ಅಯೋಧ್ಯಾ ಎಂಬ ಹೆಸರಿನಿಂದಲೇ ಪ್ರಸಿದ್ಧವಾದ ಸಯಾಮಿನ ರಾಜಧಾನಿಗೆ ದೂತರನ್ನಟ್ಟಿ ಶ್ವೇತಗಜಗಳನ್ನು ಕೇಳಿದನು. ಸಯಾಮಿನ ಅರಸನಾದ ಮಹಾಚಕ್ರಫತ್ತನು ಒಪ್ಪಲಿಲ್ಲ. ಯುದ್ಧವಾಯಿತು, ರಾಜಧಾನಿಗೆ ಮುತ್ತಿಗೆ ಬಿದ್ದಿತು, 1564ರಲ್ಲಿ ಸಯಾಮು ಸೋತು ಆನೆಗಳನ್ನು ಒಪ್ಪಿಸಿತು. ಈ ಯುದ್ಧಕ್ಕೆ ಚರಿತ್ರೆಯಲ್ಲಿ ಶ್ವೇತಗಜಗಳ ಯುದ್ಧವೆಂದೇ ಹೆಸರು. ಯಾವುದಕ್ಕಾಗಿ ಎರಡು ರಾಜ್ಯಗಳು ರಕ್ತವನ್ನು ಸುರಿಸಿದುವೋ ಅದನ್ನು ಮುನಿದ ಅರಸನು ಶತ್ರುವಿಗೆ ಬಹುಮಾನವಾಗಿ ಕೊಡುತ್ತಿದ್ದನೆಂಬುದು ನಂಬತಕ್ಕ ಮಾತಲ್ಲ. ಮುಂದೆ 1855ರಿಂದ 1916ರ ವರೆಗೆ ಸಯಾಮಿನ ಧ್ವಜದಲ್ಲಿಯೇ ಕೆಂಪು ನೆಲದ ಮೇಲೆ ಬಿಳಿಯ ಆನೆ ರಾರಾಜಿಸುತ್ತಿತ್ತು. ಯಾವ ದೇಶವೂ ತನಗೆ ಹೊರೆಯಾದುದನ್ನು ಧ್ವಜದಲ್ಲಿ ಬರೆದುಕೊಳ್ಳುವುದಿಲ್ಲ.

ಹಾಗಾದರೆ ಕಥೆ ಹುಟ್ಟಿದುದು ಹೇಗೆ? ಪೂಜ್ಯತೆಯನ್ನು ಹೊರಗಿನಿಂದ ನೋಡಿದವರಿಗೆ ವೆಚ್ಚ ಮಾತ್ರ ಕಾಣುತ್ತದೆ. 1586ರ ಸುಮಾರಿನಲ್ಲಿ ಪೆಗುವಿಗೆ ಹೋದ ಆಂಗ್ಲೇಯ ವರ್ತಕನಾದ ರಾಲ್ಫ್ ಫಿಚ್ಚನು ಅಲ್ಲಿಯ ಬಿಳಿಯ ಆನೆಗಳಿಗೆ ಸಲ್ಲುತ್ತಿದ್ದ ವೈಭವವನ್ನು ಕಂಡು ಬರೆದಿಟ್ಟನು. ಇಂಥ ಪ್ರವಾಸಿಗಳ ವರ್ಣನೆಗಳನ್ನು ಓದಿದ ವರ್ತಕರ ನಾಡಿನವರಿಗೆ, ದುಡಿಯದ ಪ್ರಾಣಿಗೆ ಇಷ್ಟೊಂದು ಉಪಚಾರವೇತಕ್ಕೆಂಬ ಪ್ರಶ್ನೆ ಹುಟ್ಟಿತು; ಪ್ರಶ್ನೆಗೆ ಉತ್ತರವಾಗಿ ಕಥೆಯು ಬೆಳೆಯಿತು. ಇದು ನನ್ನ ಊಹೆಯಾದರೂ, ಲಾಭನಷ್ಟಗಳ ದೃಷ್ಟಿಯೊಂದೇ ಈ ಕಥೆಯ ಜೀವಾಳವೆಂಬುದರಲ್ಲಿ ಸಂದೇಹವಿಲ್ಲ.

2

ಸಯಾಮು ಬರ್ಮಗಳಿಗೆ ಈ ಪೂಜ್ಯಭಾವವು ಎಲ್ಲಿಂದ ಹೋಯಿತು? ಭರತಖಂಡದಿಂದಲೇ. ಮೇಲೆ ಹೇಳಿದ ಅರಸನ ಹೆಸರಿನಲ್ಲಿರುವುದು ನಮ್ಮ ‘ಚಕ್ರವರ್ತಿ’ ಶಬ್ದ. ಬೌದ್ಧಾಗಮದ ಪ್ರಕಾರ ಚಕ್ರವರ್ತಿಗೆ ಏಳು ರತ್ನಗಳು; ಅವುಗಳಲ್ಲಿ ಹಸ್ತಿರತ್ನವು ಸರ್ವಶ್ವೇತವಾದ ಆನೆ. ಆದ್ದರಿಂದ ಚಕ್ರವರ್ತಿಯೆನಿಸಿಕೊಳ್ಳಬೇಕೆಂಬವನಿಗೆ ಅದು ಬೇಕೇಬೇಕು. ಬುದ್ಧನ ತಾಯಿಯಾದ ಮಾಯಾದೇವಿಯು ಸ್ವಪ್ನದಲ್ಲಿ ಕಂಡುದೂ ಶ್ವೇತಗಜವನ್ನೇ. ಸಯಾಮಿನವರು ‘ಎರವನ್’ ಎಂದು ಕರೆಯುವುದು ನಮ್ಮ ಐರಾವಣವನ್ನು.

ಅಮರಸಿಂಹನು ಐರಾವತಕ್ಕೆ ಕೊಡುವ ಪರ್ಯಾಯಗಳಲ್ಲಿ ಅಭ್ರಮಾತಂಗವೆಂಬುದೊಂದುಂಟು, ಅಭ್ರವೆಂದರೆ ಮೋಡ. ‘ಇರಾ’ ಎಂದರೆ ನೀರು. ಇರಾವತ್ ಎಂದರೆ ನೀರುಳ್ಳದ್ದು, ಸಮುದ್ರ. ಅದರಲ್ಲಿ ಹುಟ್ಟಿದುದು ಐರಾವತ. ಬರ್ಮದ ಮಹಾನದಿಯಾದ ಐರಾವತಿಯ ಹೆಸರೂ ಈ ಮೂಲದ್ದೆಂದು ಪ್ರಸಿದ್ಧಿ. ಇದರಿಂದ ಬಿಳಿಯ ಆನೆಯು ಮೊದಲಿಗೆ ಮಳೆಯ ಮುಗಿಲಿನ, ಎಂದರೆ ಸುಭಿಕ್ಷದ, ಪ್ರತೀಕವಾಗಿತ್ತೆಂದು ತಿಳಿಯಬರುತ್ತದೆ. ವೆಸ್ಸಂತರ ಜಾತಕವು ಇದನ್ನು ದೃಢಪಡಿಸುತ್ತದೆ. ಆ ಕಥೆಯಲ್ಲಿ ವೆಸ್ಸಂತರ ರಾಜಕುಮಾರನ ಬಳಿ ಹೋದೆಡೆಯಲ್ಲೆಲ್ಲ ಮಳೆಯನ್ನು ತರುವ ಶ್ವೇತಗಜವೊಂದಿದ್ದಿತು. ಕ್ಷಾಮದಿಂದ ಪೀಡಿತವಾದ ಕಲಿಂಗದ ಬ್ರಾಹ್ಮಣರು ಬಂದು ಬೇಡಲು ಅವನು ಅದನ್ನು ದಾನಮಾಡಿದನು. ನಾಡಿನ ಭಾಗ್ಯವನ್ನೇ ಕೊಟ್ಟುಬಿಟ್ಟನೆಂದು ಪ್ರಜೆಗಳು ಕೆರಳಿ ಅವನನ್ನು ಕಾಡಿಗೆ ಕಳುಹಿಸಿದರು.

ಎರಡು ಕಥೆಗಳನ್ನೂ ಒತ್ತಟ್ಟಿಗಿಟ್ಟು ನೋಡಿದರೆ ವಿಷಯವು ವಿಶದವಾಗುತ್ತದೆ. ಎರಡರಲ್ಲಿಯೂ ಬಿಳಿಯ ಆನೆಯ ದಾನವಿದೆ. ಎರಡರಲ್ಲಿಯೂ ಒಬ್ಬನಿಗೆ ಕೇಡಾಗುತ್ತದೆ. ಆದರೆ ಜಾತಕದಲ್ಲಿ ಕೆಡುವವನು ಕೊಟ್ಟವನು, ಏಕೆಂದರೆ ಆನೆಯು ಸರ್ವರ ಸಂಪತ್ತು. ಆಂಗ್ಲಕಥೆಯಲ್ಲಿ ಕೆಡುವವನು ಪಡೆದವನು, ಏಕೆಂದರೆ ಆನೆಯು ಬರಿಯ ವೆಚ್ಚ. ಹೀಗೆ ಭಾರತದಿಂದ ಸಯಾಮಿಗೂ, ಸಯಾಮಿನಿಂದ ಇಂಗ್ಲೆಂಡಿಗೂ ಹೋದ ಭಾವನೆಯು ಅಲ್ಲಿ ತಲೆಕೆಳಗಾಗಿ, ಇಂಗ್ಲೀಷಿನ ಮೂಲಕ ನಮ್ಮ ಮನೆಗೆ ಮರಳಿ ಬಂದಿದೆ. ಮನೆಯವರಾದ ನಾವು ಅದನ್ನು ನಮ್ಮದೆಂದು ಗುರುತಿಸದೆ ಹೊಸ ಅತಿಥಿಯೆಂದು ಬರಮಾಡಿಕೊಂಡಿದ್ದೇವೆ.

3

ಇನ್ನು ಕನ್ನಡನಾಡಿನಲ್ಲಿ, ವಿಶೇಷವಾಗಿ ಮೈಸೂರು ಜಿಲ್ಲೆಯ ಪಶ್ಚಿಮದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಸೀಮೆಯಲ್ಲಿ ಆನೆಯ ಸ್ಥಾನವೇನೆಂಬುದನ್ನು ವಿಚಾರಿಸೋಣ. ಕಪಿಲೆಯಿಂದ ಲಕ್ಷ್ಮಣತೀರ್ಥದ ವರೆಗಿನ ಅಡವಿಗಳು ಆನೆಗಳ ತವರು. ಕಪಿಲೆಯ ದಡದ ಕಿತ್ತೂರು ಪ್ರಾಚೀನ ಪುನ್ನಾಟ ರಾಜ್ಯದ ರಾಜಧಾನಿಯಾದ ಕೀರ್ತಿಪುರವಾಗಿತ್ತು. ಆ ಪುನ್ನಾಟರೊಡನೆ ವಿವಾಹಸಂಬಂಧವನ್ನು ಬೆಳೆಸಿದ ತಲಕಾಡಿನ ಗಂಗರಿಗೆ ಆನೆಯೇ ಲಾಂಛನ. ಗಂಗರಲ್ಲಿ ಸೈಗೊಟ್ಟ ಶಿವಮಾರನು ರಚಿಸಿದ ಗಜಾಷ್ಟಕವು ಒನಕೆವಾಡಾಗಿ ಹಾಡಲ್ಪಡುತ್ತಿತ್ತೆಂದು ಶಾಸನವು ಹೇಳುತ್ತದೆ. ಭತ್ತ ಕುಟ್ಟುವ ಹೆಂಗಸರ ಬಾಯಲ್ಲಿ ಗಜಶಾಸ್ತ್ರವು ನಲಿದ ನಾಡಿದು. ಹನ್ನೆರಡನೆಯ ಶತಮಾನದ ಚಾಲುಕ್ಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಆನೆಗಳನ್ನು ಹಿಡಿಯುವ ಉಪಾಯಗಳನ್ನೂ ಅವುಗಳ ಲಕ್ಷಣಗಳನ್ನೂ ವಿಸ್ತರಿಸಿದ್ದಾನೆ. ಆನೆಯನ್ನು ಸಾಕುವ ವೆಚ್ಚವನ್ನು ಇವರು ಅರಿಯದವರಲ್ಲ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆರಂಭದಲ್ಲಿ ಸಮ್ಯಕ್ತ್ವಕೌಮುದಿ, ನೇಮಿಜಿನೇಶಸಂಗತಿ ಮೊದಲಾದ ಕೃತಿಗಳನ್ನು ರಚಿಸಿದನು. ಜಿನಮಾತೆಯು ಕಾಣುವ ಸ್ವಪ್ನಗಳಲ್ಲಿ ಮೊದಲನೆಯದು ಧವಳಗಜವೆಂಬುದು ಜೈನಸಂಪ್ರದಾಯ. ನೇಮಿಜಿನನ ಚರಿತೆಯನ್ನು ಹಾಡಿದ ಕವಿಯ ಊರಿನವರಿಗೆ ಬಿಳಿಯಾನೆಯ ಮೂಲಾರ್ಥವನ್ನು ಇಂದು ಬಿಡಿಸಿ ಹೇಳಬೇಕಾಗಿ ಬಂದಿರುವುದು ಯೋಚಿಸತಕ್ಕ ವಿಷಯ.

ಜೈನರಲ್ಲಿ ಮಾತ್ರವೇ ಈ ಭಾವನೆಯಿತ್ತೆಂದು ತಿಳಿಯಬಾರದು. ಗಜಗೌರಿಯ ಕಥೆಯು ಕನ್ನಡಿಗರಿಗೆಲ್ಲ ಗೊತ್ತಿರುವುದೇ. ಗಾಂಧಾರಿಯು ತನ್ನ ನೂರು ಮಕ್ಕಳು ಮಾಡಿಕೊಟ್ಟ ಮಣ್ಣಿನ ಆನೆಯನ್ನಿಟ್ಟು ಗೌರಿಯನ್ನು ಪೂಜಿಸಿ ಬೀಗುತ್ತಾಳೆ, ಕುಂತಿಯು ಕೊರಗುತ್ತಾಳೆ, ಅರ್ಜುನನು ಬಾಣಗಳಿಂದ ಸ್ವರ್ಗಕ್ಕೆ ದಾರಿ ಕಟ್ಟಿ ಸಾಕ್ಷಾತ್ ಐರಾವತವನ್ನೇ ತಾಯಿಯ ಪೂಜೆಗೆ ಇಳಿಸುತ್ತಾನೆ. ಇಲ್ಲಿ ಬಿಳಿಯಾನೆಯೆಂಬುದು ಮಗನು ತಾಯಿಗೆ ತಂದುಕೊಡಬಹುದಾದ ಪರಮವಸ್ತು.

ಆನೆಯ ಭಾರವನ್ನು ಕನ್ನಡಿಗನು ಮರೆತಿದ್ದನೆ? ಇಲ್ಲ. ‘ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ’ ಎಂಬ ಗಾದೆಯು ಅದರ ಹಸಿವನ್ನು ಬಲ್ಲವನ ಮಾತು. ‘ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ’ ಎಂಬುದು ಹೊರೆಯನ್ನು ತೂಗಿದವನ ಮಾತು. ಆದರೆ ಇವುಗಳೊಡನೆಯೇ ‘ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ’ ಎಂದೂ ಹೇಳಿದನು. ವೆಚ್ಚವನ್ನು ಲೆಕ್ಕಹಾಕಿದ ಮೇಲೂ ಬೆಲೆಯನ್ನು ಮರೆಯದಿರುವುದು ಈ ಗಾದೆಗಳ ವಿಶೇಷ.

ಈ ಮಾತಿಗೆ ನಮ್ಮ ಕಾಲದ ದೃಷ್ಟಾಂತವೂ ಉಂಟು. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕ ಅರ್ಜುನನೆಂಬ ಆನೆಯು ಹೆಗ್ಗಡದೇವನಕೋಟೆ ತಾಲ್ಲೂಕಿನ ಬಳ್ಳೆ ಶಿಬಿರದಲ್ಲಿದ್ದು, 2012ರಿಂದ 2019ರ ವರೆಗೆ ಎಂಟು ಬಾರಿ ಮೈಸೂರು ದಸರೆಯ ಚಿನ್ನದ ಅಂಬಾರಿಯನ್ನು ಹೊತ್ತಿತು. 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆಯ ಕಾಡಿನಲ್ಲಿ, ಒಂಟಿ ಸಲಗವನ್ನು ಹಿಡಿಯುವ ಕಾರ್ಯದಲ್ಲಿ, ಆ ಸಲಗದೊಡನೆ ಹೋರಾಡುತ್ತ ಮಡಿಯಿತು. ಅಂದು ಜನರು ಕಣ್ಣೀರಿಟ್ಟುದು ಅದರ ಮೇವಿನ ಲೆಕ್ಕವನ್ನು ನೋಡಿಯಲ್ಲ. ಹಾಗೆಂದು ಈ ಸೀಮೆಯ ರೈತನಿಗೆ ಆನೆಯು ಬರಿಯ ದೇವರೂ ಅಲ್ಲ. ರಾಗಿಯ ಹೊಲವನ್ನು ಒಂದೇ ಇರುಳಿನಲ್ಲಿ ತುಳಿದು ಹಾಕುವ ಆನೆಯ ಕಾಟವನ್ನು ಕಾಡಂಚಿನ ಹಳ್ಳಿಗಳು ವರ್ಷವರ್ಷವೂ ಅನುಭವಿಸುತ್ತಿವೆ. ಆನೆಯಿಂದ ನಿಜವಾಗಿ ನೊಂದವರು ತಮ್ಮ ನೋವನ್ನು ‘ಆನೆಕಾಟ’ವೆಂಬ ನೇರವಾದ ಮಾತಿನಿಂದ ಹೇಳುತ್ತಾರೆ. ಬಿಳಿಯಾನೆಯ ರೂಪಕವನ್ನು ಕಟ್ಟಿದವರು ಇವರಲ್ಲ.

4

ಇದೇ ಸೀಮೆಯು ಇನ್ನೊಂದು ಎರವಲು ಶಬ್ದಕ್ಕೂ ನೆಲೆಯಾಗಿತ್ತು, ಅದು ‘ಖೆಡ್ಡಾ’. ಅಟ್ಟುವುದೆಂಬರ್ಥದ ಹಿಂದೀ ಧಾತುವಿನಿಂದ ಹುಟ್ಟಿದ ಈ ಶಬ್ದವು ಆಂಗ್ಲ ಅಧಿಕಾರಿಗಳ ಬರಹದ ಮೂಲಕ ಮೈಸೂರಿಗೆ ಬಂದಿತು. ಸ್ಯಾಂಡರ್ಸನ್ ಎಂಬ ಅಧಿಕಾರಿಯು 1874ರಲ್ಲಿ ಚಾಮರಾಜನಗರದ ಬಳಿ ಮೊದಲ ಯಶಸ್ವೀ ಖೆಡ್ಡಾವನ್ನು ನಡೆಸಿದನು. ಅನಂತರ ಕಾಕನಕೋಟೆಯು ಇದಕ್ಕೆ ಜಗತ್ಪ್ರಸಿದ್ಧವಾಯಿತು. ಹಿಂದೆ ಹೈದರನು ಕಾಕನಕೋಟೆಯಲ್ಲಿ ಪ್ರಯತ್ನಿಸಿ ವಿಫಲನಾಗಿ, ಮುಂದೆ ಪ್ರಯತ್ನಿಸುವವರನ್ನು ಶಪಿಸಿ ಕಲ್ಲಿನಲ್ಲಿ ಬರೆಯಿಸಿದ್ದನೆಂದು ಸ್ಯಾಂಡರ್ಸನ್ನನೇ ತನ್ನ ಗ್ರಂಥದಲ್ಲಿ ಹೇಳಿದ್ದಾನೆ. 1971ರಲ್ಲಿ ಕಡೆಯ ಖೆಡ್ಡಾ ನಡೆಯಿತು; 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾನೂನು ಬಂದಿತು; 1974ರಲ್ಲಿ ಮುಗಿದ ಕಬಿನಿ ಜಲಾಶಯದಲ್ಲಿ ಆ ನೆಲವು ಬಹುಮಟ್ಟಿಗೆ ಮುಳುಗಿತು.

‘ಖೆಡ್ಡಾ’ ಎಂಬುದು ವಸ್ತುವಿನೊಡನೆ ಬಂದ ಶಬ್ದ. ಅದು ಕನ್ನಡದ ಯಾವ ಮಾತಿನ ಸ್ಥಾನವನ್ನೂ ಕಸಿಯಲಿಲ್ಲ. ವಸ್ತುವು ಹೋದ ಮೇಲೆ ಚರಿತ್ರೆಯ ಶಬ್ದವಾಗಿ ಉಳಿಯಿತು. ‘ಬಿಳಿಯಾನೆ’ಯಾದರೋ ವಸ್ತುವಿಲ್ಲದೆ ಬಂದ ಅರ್ಥ. ಅದಕ್ಕೆ ಇರಲು ಒಂದು ಕನ್ನಡ ಮಾತು ಬೇಕಾಗಿತ್ತು. ಇದ್ದ ಅರ್ಥವನ್ನು ಹೊರದೂಡಿ ಆ ಮಾತಿನಲ್ಲಿ ನೆಲಸಿತು. ಪರಭಾಷೆಯ ಶಬ್ದವನ್ನು ಕಂಡು ಬೆದರುವ ನಾವು ಪರಭಾಷೆಯ ಅರ್ಥವನ್ನು ಕಾಣದೆ ಹೋಗುತ್ತೇವೆ.

ಇದನ್ನು ಶಾಸ್ತ್ರದ ಪರಿಭಾಷೆಯಲ್ಲಿಯೂ ಹೇಳಬಹುದು. ಮಮ್ಮಟನ ಮತದಲ್ಲಿ ಲಕ್ಷಣೆಗೆ ಮೂರು ನಿಮಿತ್ತಗಳು: ಮುಖ್ಯಾರ್ಥದ ಬಾಧೆ, ಮುಖ್ಯಾರ್ಥದೊಡನೆ ಸಂಬಂಧ, ರೂಢಿ ಅಥವಾ ಪ್ರಯೋಜನ. ಕಾರ್ಖಾನೆಯನ್ನು ಬಿಳಿಯಾನೆಯೆಂದಾಗ ಮುಖ್ಯಾರ್ಥವು ಬಾಧಿತವಾಗುವುದು ಸ್ಪಷ್ಟ. ಆದರೆ ಸಂಬಂಧವೆಲ್ಲಿ? ಇಂಗ್ಲೀಷಿನಲ್ಲಿ ಆ ಸಂಬಂಧವನ್ನು ಕೂಡಿಸುವುದು ಸಯಾಮಿನ ಕಥೆ. ಕನ್ನಡದಲ್ಲಿ ಆ ಕಥೆಯಿಲ್ಲ. ಇದ್ದ ಕಥೆಗಳೆಲ್ಲ ವಿರುದ್ಧಾರ್ಥವನ್ನೇ ಹೇಳುತ್ತವೆ. ಆದಕಾರಣ ಇದು ರೂಢಿಲಕ್ಷಣೆಯೆಂದರೂ, ಆ ರೂಢಿಯು ನಮ್ಮದಲ್ಲ, ಎರವಲು ತಂದ ರೂಢಿ.

ಇದರ ಫಲವಾಗಿ ನಮ್ಮ ಭಾಷೆಯಲ್ಲಿ ಒಂದು ವಿಚಿತ್ರವಾದ ಭೇದವು ಹುಟ್ಟಿದೆ. ‘ಐರಾವತ’ವೆಂದರೂ ‘ಬಿಳಿಯಾನೆ’ಯೆಂದರೂ ವಸ್ತುವು ಒಂದೇ, ಗೌರವವು ಮಾತ್ರ ಬೇರೆ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ತನ್ನ ಮೇಲ್ತರಗತಿಯ ಬಿಳಿಯ ಬಸ್ಸುಗಳಿಗೆ ‘ಐರಾವತ’ವೆಂದು ಹೆಸರಿಟ್ಟಿದೆ. ಅದನ್ನೇ ‘ಬಿಳಿಯಾನೆ’ಯೆಂದು ಕನ್ನಡಿಸಿ ಬರೆದರೆ ಪ್ರಶಂಸೆಯು ನಿಂದೆಯಾಗುತ್ತದೆ. ಇನ್ನೊಂದು ನಿದರ್ಶನ: ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬುವೆಂಬ ಬಾಲಕನು, ಕಿಪ್ಲಿಂಗನ ಕಥೆಯನ್ನಾಧರಿಸಿ 1937ರಲ್ಲಿ ಹೊರಬಂದ ‘ಎಲಿಫೆಂಟ್ ಬಾಯ್’ ಚಲನಚಿತ್ರದಿಂದ ಲೋಕವಿಖ್ಯಾತನಾದನು. ಆ ಚಿತ್ರದಲ್ಲಿ ಕರಿಯ ಹಾವೆಂಬರ್ಥದ ‘ಕಾಲಾನಾಗ್’ ಎಂಬ ಪಾತ್ರವನ್ನು ವಹಿಸಿದ ಮೈಸೂರಿನ ಆನೆಯ ನಿಜನಾಮವು ಐರಾವತ. ಕರಿಯ ಆನೆಗೆ ಐರಾವತವೆಂದು ಹೆಸರಿಟ್ಟ ನಮ್ಮವರಿಗೆ ಅದು ಬಣ್ಣದ ಮಾತಾಗಿರಲಿಲ್ಲ, ಮರ್ಯಾದೆಯ ಮಾತಾಗಿತ್ತು. ಹೀಗೆ ಸಂಸ್ಕೃತಶಬ್ದಕ್ಕೆ ಮರ್ಯಾದೆಯು ಉಳಿದು, ಅವಮಾನವೆಲ್ಲ ಕನ್ನಡಶಬ್ದದ ಪಾಲಿಗೆ ಬಂದಿದೆ. ಸಂಸ್ಕೃತವನ್ನೇ ಓದಿ ಬೆಳೆದ ನನಗೂ ಇದು ನ್ಯಾಯವೆಂದು ತೋರುವುದಿಲ್ಲ. ಬೆಳ್ಗೊಡೆ, ಬೆಳ್ದಿಂಗಳು, ಬೆಳ್ಗೊಳ ಎಂಬಲ್ಲಿ ಕನ್ನಡದ ಬಿಳುಪು ರಾಜಚಿಹ್ನವಾಗಿ, ಆಹ್ಲಾದವಾಗಿ, ತೀರ್ಥವಾಗಿ ಬೆಳಗಿದೆ. ಆನೆಯ ಬಳಿಯಲ್ಲಿ ಮಾತ್ರ ಅದಕ್ಕೆ ಮಸಿ ಹತ್ತಬೇಕೆ?

5

ರೂಢಿಯು ಯೋಗಕ್ಕಿಂತ ಬಲವತ್ತರವಲ್ಲವೆ, ಜನರು ಒಪ್ಪಿದ ಮಾತನ್ನು ಪಂಡಿತರು ತಡೆಯಬಲ್ಲರೆ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವೇ. ದರ್ಭೆಯನ್ನು ತರುವವನೆಂಬರ್ಥದ ‘ಕುಶಲ’ ಶಬ್ದವು ನಿಪುಣನೆಂಬರ್ಥದಲ್ಲಿ ನಿಂತಮೇಲೆ ಯಾರೂ ದರ್ಭೆಯನ್ನು ಹುಡುಕುವುದಿಲ್ಲ. ಆದರೆ ಅಲ್ಲಿ ಹೊಸ ಅರ್ಥವು ಹಳೆಯದರಿಂದಲೇ ಕವಲೊಡೆಯಿತು. ಇಲ್ಲಿ ಹೊಸ ಅರ್ಥವು ಹಳೆಯದಕ್ಕೆ ಶತ್ರುವಾಗಿ ಬಂದಿದೆ. ಹಳೆಯ ಅರ್ಥವಾದರೋ ಸತ್ತಿಲ್ಲ, ಕಾವ್ಯಗಳಲ್ಲಿಯೂ ವ್ರತಕಥೆಗಳಲ್ಲಿಯೂ ಬದುಕಿದೆ. ಎರಡೂ ಒಂದೇ ವಿದ್ಯಾರ್ಥಿಯ ಕಿವಿಯಲ್ಲಿ ಕಲೆತಾಗ ಕಾವ್ಯವೇ ಅಪಾರ್ಥವಾಗುತ್ತದೆ. ಈ ಹಾನಿಯು ಕಾಲ್ಪನಿಕವಲ್ಲ, ಪಾಠಶಾಲೆಯಲ್ಲಿ ಕಂಡುದು.

ಪಿರಿಯಾಪಟ್ಟಣವೆಂಬ ಊರಿನ ಹೆಸರನ್ನು ನೋಡಬೇಕು. ಕನ್ನಡದಲ್ಲೆಲ್ಲ ಪಕಾರವು ಹಕಾರವಾಗಿ ‘ಪಿರಿಯ’ವು ‘ಹಿರಿಯ’ವಾದರೂ ಈ ಊರು ಹಳಗನ್ನಡದ ರೂಪವನ್ನು ಬಿಡಲಿಲ್ಲ. ಕೃಷ್ಣರಾಜನಗರವು ಹೊಸ ಹೆಸರಿನಿಂದ ಬೆಳೆದರೂ, ಅದರ ಮೂಲವಾದ ಎಡತೊರೆಯ ಹೆಸರು ನದಿಯ ದಂಡೆಯಲ್ಲಿ ಇನ್ನೂ ಉಳಿದಿದೆ. ಹೊಸದು ಬಂದಾಗ ಹಳೆಯದನ್ನು ಅಳಿಸಲೇಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇವು ಸಾಕ್ಷಿ.

ಆದ್ದರಿಂದ ನನ್ನ ಸೂಚನೆಗಳು ಇಷ್ಟೆ. ನಿಘಂಟುಕಾರರು ‘ಬಿಳಿಯಾನೆ’ಗೆ ಐರಾವತವೆಂಬ ಅರ್ಥವನ್ನು ಮೊದಲು ಕೊಟ್ಟು, ನಿಷ್ಪ್ರಯೋಜಕವಾದ ವೆಚ್ಚವೆಂಬುದನ್ನು ಇಂಗ್ಲೀಷಿನಿಂದ ಬಂದುದೆಂದು ತೋರಿಸಿ ಎರಡನೆಯದಾಗಿ ಕೊಡಬೇಕು. ಅಧ್ಯಾಪಕರು ಶ್ವೇತಗಜದ ಪ್ರಸಂಗ ಬಂದಲ್ಲಿ ಎರಡು ಅರ್ಥಗಳನ್ನೂ ಅವುಗಳ ಚರಿತ್ರೆಯೊಡನೆ ತಿಳಿಸಬೇಕು. ಬರಹಗಾರರು ದಂಡದ ವೆಚ್ಚವನ್ನು ಹೇಳಬೇಕಾದಾಗ ಕನ್ನಡದಲ್ಲಿ ಮಾತಿಗೆ ಬರವಿಲ್ಲವೆಂಬುದನ್ನು ನೆನೆಯಬೇಕು. ‘ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆ’ ಎಂಬ ಮಾತಿದೆ. ಹುಣಸೆಯ ಹೆಸರನ್ನೇ ಹೊತ್ತು ಲಕ್ಷ್ಮಣತೀರ್ಥದ ದಡದಲ್ಲಿರುವ ಹುಣಸೂರಿನವರಿಗೆ ಇದಕ್ಕಿಂತ ಒಪ್ಪುವ ಮಾತು ಬೇರೆಯಿಲ್ಲ.

ಆ ದಿನ ವಿದ್ಯಾರ್ಥಿಗೆ ನಾನು ವೆಸ್ಸಂತರನ ಕಥೆಯನ್ನೂ ಸಯಾಮಿನ ಕಥೆಯನ್ನೂ ಹೇಳಿ, ಮರುದೇವಿಯು ಕಂಡ ಆನೆ ಯಾವುದೆಂದು ಕೇಳಿದೆನು. ಅವನು ಸ್ವಲ್ಪ ಯೋಚಿಸಿ, “ಮಳೆ ತರುವ ಆನೆ” ಎಂದನು. ಪಾಠವು ಮುಂದುವರಿಯಿತು. ಈ ವಿಚಾರವನ್ನು ವಿದ್ವಾಂಸರು ಪರಾಮರ್ಶಿಸಿ, ಇದೇ ರೀತಿಯಾಗಿ ವೇಷ ಮರೆಸಿಕೊಂಡು ಬಂದಿರುವ ಇತರ ನುಡಿಗಳನ್ನೂ ಪರೀಕ್ಷಿಸಬೇಕೆಂದು ಪ್ರಾರ್ಥಿಸುತ್ತೇನೆ.